ನಾಲ್ವರ ನಿಯಮ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಾಧೀಶರು 9 ಮಂದಿ. ವರ್ಷವೊಂದಕ್ಕೆ ಅವರ ಮುಂದೆ ಬರುವ ಅರ್ಜಿಗಳು ಸಾವಿರಗಟ್ಟಲೆ. ಅವುಗಳಲ್ಲಿ ವಾದವನ್ನು ಕೇಳಿ ತೀರ್ಪನ್ನೀಯುವುದು ಈಚೆಗೆ ಸುಮಾರು 60ಕ್ಕೆ ಮಾತ್ರ. ಮಿಕ್ಕವನ್ನು ಕಾರಣ ಹೇಳದೆಯೇ ಹಿಂದಿರುಗಿಸುವ ಈ ಅಧಿಕಾರವು ಆ ನ್ಯಾಯಸ್ಥಾನಕ್ಕೆ ಹುಟ್ಟಿನೊಡನೆ ಬಂದುದಲ್ಲ.

ಮೊದಲ ನೂರು ವರ್ಷಗಳಲ್ಲಿ ಶಾಸನಾನುಸಾರವಾಗಿ ಬಂದ ಅಪೀಲನ್ನು ಅದು ಕೇಳಲೇಬೇಕಾಗಿದ್ದಿತು. ಅಂತರ್ಯುದ್ಧದ ತರುವಾಯ ರೈಲುದಾರಿಯೂ ವ್ಯಾಪಾರವೂ ಬೆಳೆದಂತೆ ವ್ಯಾಜ್ಯಗಳೂ ಬೆಳೆದು, 1890ರ ವೇಳೆಗೆ 1800ಕ್ಕೆ ಮಿಕ್ಕ ಮೊಕದ್ದಮೆಗಳು ಅಲ್ಲಿ ಕೂಡಿಬಿದ್ದವು. 1891ರಲ್ಲಿ ನಡುವಣ ಅಪೀಲು ನ್ಯಾಯಾಲಯಗಳನ್ನು ಸ್ಥಾಪಿಸಿದುದರಿಂದ ಹೊರೆಯು ಕೆಲಮಟ್ಟಿಗೆ ಇಳಿಯಿತೇ ಹೊರತು ತೀರಲಿಲ್ಲ.

1921ರಲ್ಲಿ ವಿಲಿಯಂ ಹೊವರ್ಡ್ ಟ್ಯಾಫ್ಟ್ ಮಹಾಶಯರು ಮುಖ್ಯ ನ್ಯಾಯಾಧೀಶರಾದರು. ಹಿಂದೆ ರಾಷ್ಟ್ರಾಧ್ಯಕ್ಷರಾಗಿದ್ದವರಾದುದರಿಂದ ಶಾಸನಸಭೆಯ ಒಳಹೊರಗುಗಳನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು. ಸಹೋದ್ಯೋಗಿಗಳಿಂದಲೇ ಮಸೂದೆಯನ್ನು ಬರೆಯಿಸಿ, ಅವರನ್ನೇ ಕಾಂಗ್ರೆಸ್ಸಿನ ಸಮಿತಿಗಳ ಮುಂದೆ ಕಳುಹಿಸಿದರು. ತಮ್ಮ ಅಧಿಕಾರದ ಶಾಸನವನ್ನು ನ್ಯಾಯಾಧೀಶರು ತಾವೇ ರಚಿಸಿಕೊಳ್ಳುವುದು ವಿಲಕ್ಷಣವೇ ಸರಿ. 'ನ್ಯಾಯಾಧೀಶರ ಮಸೂದೆ' ಎಂದೇ ಅದಕ್ಕೆ ಹೆಸರಾಯಿತು. ಕಕ್ಷಿಗಾರನಿಗೆ ಒಂದು ವಿಚಾರಣೆ, ಒಂದು ಅಪೀಲು ಸಾಕು; ಅತ್ಯುನ್ನತ ನ್ಯಾಯಸ್ಥಾನವಿರುವುದು ಇಡೀ ದೇಶಕ್ಕೆ ಅನ್ವಯಿಸುವ ಪ್ರಶ್ನೆಗಳನ್ನು ನಿರ್ಣಯಿಸುವುದಕ್ಕೆ ಎಂಬುದು ಟ್ಯಾಫ್ಟರ ವಾದ. 1925ರ ಫೆಬ್ರವರಿಯಲ್ಲಿ ಮಸೂದೆಯು ಶಾಸನವಾಯಿತು. ಒಂಬತ್ತರಲ್ಲಿ ನಾಲ್ವರು ಒಪ್ಪಿದರೆ ಸಾಕು, ಅರ್ಜಿಯನ್ನು ಸ್ವೀಕರಿಸುವೆವೆಂದು ನ್ಯಾಯಾಧೀಶರು ಆಗ ಭರವಸೆ ಕೊಟ್ಟರು. ಈ ನಿಯಮವು ಇಂದಿಗೂ ಶಾಸನದಲ್ಲಿಲ್ಲ. ಕೊಟ್ಟ ಮಾತಿನ ಮೇಲೆ ನಿಂತಿದೆ.

ಆಯ್ಕೆಯು ನಡೆಯುವುದು ಮುಚ್ಚಿದ ಕೋಣೆಯಲ್ಲಿ. ಗುಮಾಸ್ತರಿಗೂ ಅಲ್ಲಿ ಪ್ರವೇಶವಿಲ್ಲ. ಯಾರಾದರೂ ಬಾಗಿಲು ತಟ್ಟಿದರೆ ಎದ್ದು ತೆರೆಯುವವರು ಎಲ್ಲರಿಗಿಂತ ಕಿರಿಯ ನ್ಯಾಯಾಧೀಶರೇ. ಕೆಳಗಿನ ತೀರ್ಪು ತಪ್ಪೆಂಬುದೊಂದೇ ಸಾಮಾನ್ಯವಾಗಿ ಸಾಲದು. ಒಂದೇ ಪ್ರಶ್ನೆಗೆ ಎರಡು ಅಪೀಲು ನ್ಯಾಯಾಲಯಗಳು ಎರಡು ಬಗೆಯ ಉತ್ತರ ಕೊಟ್ಟಿವೆಯೇ ಎಂಬುದನ್ನು ಮುಖ್ಯವಾಗಿ ನೋಡುವರು. ಸೋತ ಕಕ್ಷಿಗಾರನಿಗೆ ಇದು ಸಮಾಧಾನದ ಮಾತಲ್ಲ. ಆದರೂ 1962ರಲ್ಲಿ ಫ್ಲಾರಿಡಾದ ಸೆರೆಮನೆಯಿಂದ ಗಿಡಿಯನ್ ಎಂಬ ಬಡ ಕೈದಿಯು ಸೀಸದ ಕಡ್ಡಿಯಿಂದ ಬರೆದ ಅರ್ಜಿಯು ಸ್ವೀಕೃತವಾಯಿತು. ವಕೀಲನನ್ನಿಡಲಾರದ ಆಪಾದಿತನಿಗೆ ಗುರುತರ ಅಪರಾಧದ ವಿಚಾರಣೆಯಲ್ಲಿ ಸರ್ಕಾರವೇ ವಕೀಲನನ್ನು ಒದಗಿಸಬೇಕೆಂದು 1963ರಲ್ಲಿ ಒಂಬತ್ತು ಮಂದಿಯೂ ಒಮ್ಮತದಿಂದ ವಿಧಿಸಿದರು.

ನಿಯಮದ ಮತ್ತೊಂದು ಮುಖವು ಕಠೋರವಾದುದು. ಅರ್ಜಿಯ ಸ್ವೀಕಾರಕ್ಕೆ ನಾಲ್ಕು ಮತ ಸಾಕು. ಮರಣದಂಡನೆಯನ್ನು ತಡೆದಿಡಲು ಐದು ಬೇಕು. 1990ರಲ್ಲಿ ಟೆಕ್ಸಾಸಿನ ಕೈದಿಯೊಬ್ಬನ ಮೊಕದ್ದಮೆಯನ್ನು ಕೇಳಲು ನಾಲ್ವರು ಒಪ್ಪಿದರು. ತಡೆಯಾಜ್ಞೆಗೆ ಐದನೆಯ ಮತ ದೊರೆಯಲಿಲ್ಲ. ಆತನಿಗೆ ದಂಡನೆಯಾಯಿತು. ಕೇಳುವುದಕ್ಕೆ ಇನ್ನೇನೂ ಉಳಿದಿಲ್ಲವಾಗಿ ಆ ಬಳಿಕ ಅರ್ಜಿಯು ವಜಾ ಆಯಿತು.