ಮೆಟ್ನರನ ಚೇಂಬರ್ ಸಂಗೀತ ಮತ್ತು ಮೈಸೂರು

ರಷ್ಯದ ಸಂಗೀತಕಾರ, ಪಿಯಾನೋ ವಾದಕ ನಿಕೊಲಾಯ್ ಮೆಟ್ನರ್ (1880–1951) ಪಿಟೀಲು, ಪಿಯಾನೋಗಳಿಗೆ ಕೆಲವು ಕೃತಿಗಳನ್ನೂ ಒಂದು ಪಿಯಾನೋ ಕ್ವಿಂಟೆಟ್ ಅನ್ನೂ ಬರೆದ. ಇಬ್ಬರೋ ಐವರೋ ಮನೆಯ ಹಜಾರದಲ್ಲೇ ಕೂತು ನುಡಿಸಬಹುದಾದ ಈ ಸಂಗೀತ ಬ್ರಾಮ್ಸ್‌, ಡ್ವೊರ್ಜಾಕರ ಕೃತಿಗಳಷ್ಟು ಬಳಕೆಗೆ ಬರಲಿಲ್ಲ. ಅದು ಪೂರ್ತಿ ಮರೆಯಾಗದಂತೆ ನೋಡಿಕೊಂಡವರಲ್ಲಿ ಮುಖ್ಯರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್ (1919–1974).

ಮೆಟ್ನರ್ 1921ರಲ್ಲಿ ರಷ್ಯ ಬಿಟ್ಟ. ಜರ್ಮನಿ, ಫ್ರಾನ್ಸ್‌ಗಳನ್ನು ಹಾದು 1930ರ ದಶಕದಲ್ಲಿ ಲಂಡನ್ನಿಗೆ ಬಂದು ನೆಲೆಸಿದ. ಎರಡನೆಯ ಮಹಾಯುದ್ಧ ಶುರುವಾಗುತ್ತಲೇ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತುಹೋಗಿ ಬದುಕು ಬಿಗಡಾಯಿಸಿತು. ಅತ್ತ ಜಯಚಾಮರಾಜರಿಗೆ ಪಿಯಾನೋ ವಾದಕರಾಗುವ ಆಸೆ. ಆದರೆ 1940ರಲ್ಲಿ ತಂದೆ ಯುವರಾಜರೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡರು. ಪಿಯಾನೋದ ಬದಲು ಸಿಂಹಾಸನ ಬಂತು. ಮಹಾರಾಜರ ನೆರವಿನಿಂದ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಹುಟ್ಟಿತು. ಕಾಯಿಲೆಯ ಮೆಟ್ನರ್ ತನ್ನ ಮೂರು ಪಿಯಾನೋ ಕನ್ಸರ್ಟೋಗಳನ್ನೂ ಹಲವು ಹಾಡು, ಸೊನಾಟಾಗಳನ್ನೂ ಎಚ್‌ಎಂವಿ ತಟ್ಟೆಗಳಿಗೆ ತಾನೇ ನುಡಿಸಿ ಉಳಿಸಿದ. ಮೂರನೆಯ ಕನ್ಸರ್ಟೋ ಮಹಾರಾಜರಿಗೇ ಅರ್ಪಿತ. ಕನ್ಸರ್ಟೋಗಳೇ ಹೆಚ್ಚು ಸದ್ದು ಮಾಡಿದವು. ಮನೆಯಲ್ಲಿ ನುಡಿಸುವವರಿಗೆ ಬೇಕಾದದ್ದು ಚೇಂಬರ್ ಕೃತಿಗಳಲ್ಲಿದೆ.

ಅವುಗಳಲ್ಲಿ ಮೊದಲು ಕೈಗೆತ್ತಿಕೊಳ್ಳಬೇಕಾದವು ಪಿಟೀಲು-ಪಿಯಾನೋಗಳ ಮೂರು ನಾಕ್ಟರ್ನ್‌ಗಳು (ಓಪಸ್ 16). ಚಿಕ್ಕವು, ಆಡಂಬರವಿಲ್ಲದವು. 1910ರ ಹೊತ್ತಿಗೆ ಮುಗಿದ ಮೊದಲ ಪಿಟೀಲು ಸೊನಾಟಾ (ಓಪಸ್ 21) ಮೂರು ಸೊನಾಟಾಗಳಲ್ಲಿ ಅತಿ ಚಿಕ್ಕದು. ಇದರಲ್ಲೂ ಪಿಯಾನೋ ಬರಿಯ ಪಕ್ಕವಾದ್ಯವಲ್ಲ, ಪಿಟೀಲಿನಷ್ಟೇ ಮಾತಾಡುತ್ತದೆ. ಎರಡು ಕಾನ್ಜೋನಾಗಳೂ ಅವುಗಳ ಜೊತೆಯ ನೃತ್ಯಗಳೂ (ಓಪಸ್ 43) ಇದರ ನಂತರ ಬರಲಿ. ತೀರಿಹೋದ ಅಣ್ಣ ಎಮಿಲ್‌ನ ನೆನಪಿಗೆ ಬರೆದ ಮೂರನೆಯ ಸೊನಾಟಾ ‘ಎಪಿಕಾ’ (ಓಪಸ್ 57) ಮುಕ್ಕಾಲು ಗಂಟೆಯಷ್ಟು ದೀರ್ಘ. ಹವ್ಯಾಸಿಗಳು ಅದನ್ನು ಕೇಳಿ ಸುಖಪಡುವುದೇ ಮೇಲು. ಎರಡು ಪಿಟೀಲು, ವಯೋಲಾ, ಚೆಲ್ಲೊ, ಪಿಯಾನೋಗಳ ಕ್ವಿಂಟೆಟ್ ಅನ್ನು ಮೆಟ್ನರ್ ಯೌವನದಲ್ಲಿ ಶುರುಮಾಡಿ, 1940ರ ದಶಕದ ಕೊನೆಗೆ, ಅಂದರೆ ಸಾವಿಗೆ ಕೆಲವೇ ವರ್ಷ ಮುಂಚೆ, ಮುಗಿಸಿದ. ಅದರ ಮೊದಲ ಭಾಗದ ನಿಧಾನಗತಿ ತಂತಿವಾದ್ಯದವರಿಗೆ ದಕ್ಕೀತು. ಪಿಯಾನೋದವರಿಗೆ ಮಾತ್ರ ಒಳ್ಳೆಯ ಸಾಧನೆ ಬೇಕು.

ಮೆಟ್ನರನಿಗೆ ನೆರವಾದ ಮೈಸೂರು ಅರಮನೆಯೇ 1939ರಲ್ಲಿ ಏಳು ತಂತಿಯ ಪಿಟೀಲಿನ ಟಿ. ಚೌಡಯ್ಯನವರನ್ನು ಆಸ್ಥಾನ ವಿದ್ವಾಂಸರನ್ನಾಗಿ ಮಾಡಿತ್ತು. ಜಯಚಾಮರಾಜರೇ ಮುಂದೆ ಶ್ರೀವಿದ್ಯಾ ಅಂಕಿತದಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದರು. ಕರ್ನಾಟಕದ ಕಛೇರಿಗಳಲ್ಲಿ ಆ ಕೃತಿಗಳು ಇಂದಿಗೂ ಕೇಳಿಬರುತ್ತವೆ. ಮೆಟ್ನರ್ ಇಲ್ಲಿ ಕೇಳಿಬರುವುದು ಅಪರೂಪ. ಬೆಂಗಳೂರು, ಮೈಸೂರುಗಳಲ್ಲಿ ಪಾಶ್ಚಾತ್ಯ ಪಿಟೀಲು, ಪಿಯಾನೋ ಕಲಿಯುತ್ತಿರುವವರು ಇಬ್ಬರು ಜೊತೆಗೂಡಿದರೆ ಓಪಸ್ 16ರಿಂದಲೇ ಶುರುಮಾಡಬಹುದು.