ಕಿಡ್‌ರಾಪ್

ದಿನ ತುಂಬುವ ಮುನ್ನ ಹುಟ್ಟಿದ ಶಿಶುಗಳ ಕಣ್ಣನ್ನು ಅವು ಇರುವ ಊರಿನಲ್ಲೇ ತಪಾಸಣೆ ಮಾಡುವ ಟೆಲಿಮೆಡಿಸಿನ್ ಯೋಜನೆ. ಬೆಂಗಳೂರಿನ ರಾಜಾಜಿನಗರದ ಕಾರ್ಡ್ ರಸ್ತೆಯಲ್ಲಿರುವ ನಾರಾಯಣ ನೇತ್ರಾಲಯ ಇದನ್ನು 2008ರಲ್ಲಿ ಆರಂಭಿಸಿತು. ರೂಪಿಸಿದವರು ಡಾ. ಆನಂದ್ ವಿನೇಕರ್. ಮುಂದೆ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ ರಾಜ್ಯ ಸರ್ಕಾರ ಕೈಜೋಡಿಸಿತು.

ಬೇಗ ಹುಟ್ಟಿದ ಮಗುವಿನ ರೆಟಿನಾದ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಅವು ಅಡ್ಡಾದಿಡ್ಡಿ ಬೆಳೆದರೆ ರೆಟಿನಾ ಕಳಚಿ ಮಗು ಶಾಶ್ವತವಾಗಿ ದೃಷ್ಟಿ ಕಳೆದುಕೊಳ್ಳಬಹುದು. ಹೊರನೋಟಕ್ಕೆ ಏನೂ ಕಾಣದು. ತಾಯಿಗೆ ಅನುಮಾನ ಬರುವಷ್ಟರಲ್ಲಿ ಕಾಲ ಮಿಂಚಿರುತ್ತದೆ. ಆದ್ದರಿಂದಲೇ 2,000 ಗ್ರಾಂಗಿಂತ ಕಡಿಮೆ ತೂಕದ ಅಥವಾ 34 ವಾರಕ್ಕೆ ಮೊದಲು ಹುಟ್ಟಿದ ಶಿಶುಗಳಿಗೆ 30 ದಿನದೊಳಗೆ ಮೊದಲ ತಪಾಸಣೆ ಆಗಬೇಕೆಂಬ ನಿಯಮವಿದೆ.

ಈ ತಪಾಸಣೆ ಬಲ್ಲ ವೈದ್ಯರು ಜಿಲ್ಲೆಗಳಲ್ಲಿ ವಿರಳ. ಹಾಗಾಗಿ ಕಿಡ್‌ರಾಪ್ ಆ ಕೆಲಸವನ್ನು ತರಬೇತಿ ಪಡೆದ ತಂತ್ರಜ್ಞರಿಗೆ ವಹಿಸಿತು. ಯೋಜನೆಯ ನಿಜವಾದ ಜಾಣತನ ಇದೇ. ಅವರು ಕ್ಯಾಮೆರಾ ಸಮೇತ ವಾಹನದಲ್ಲಿ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ. ಮಗುವನ್ನು ಬಟ್ಟೆಯಲ್ಲಿ ಸುತ್ತಿ, ಪಾಪೆ ಹಿಗ್ಗಿಸುವ ಹನಿ ಹಾಕಿ, ರೆಪ್ಪೆ ಬಿಡಿಸಿ, ಜೆಲ್ ಸವರಿದ ಕ್ಯಾಮೆರಾದ ತುದಿಯನ್ನು ಕಣ್ಣಿಗೆ ತಾಗಿಸಿ ಚಿತ್ರ ತೆಗೆಯುತ್ತಾರೆ. ಚಿಕಿತ್ಸೆಯ ತುರ್ತಿಗೆ ತಕ್ಕಂತೆ ಶಿಶುಗಳನ್ನು ಕೆಂಪು, ಕಿತ್ತಳೆ, ಹಸಿರು ಎಂದು ಸ್ಥಳದಲ್ಲೇ ವಿಂಗಡಿಸುತ್ತಾರೆ. ದೂರದಲ್ಲಿರುವ ತಜ್ಞರು ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿ ವರದಿ ಕೊಡುತ್ತಾರೆ. ತೀವ್ರವಾಗಿದ್ದರೆ ಲೇಸರ್ ಚಿಕಿತ್ಸೆ, ಅದೂ ಎರಡು–ಮೂರು ದಿನದೊಳಗೆ.

ಯೋಜನೆ ಮಧ್ಯ ಮತ್ತು ಉತ್ತರ ಕರ್ನಾಟಕಕ್ಕೂ ವಿಸ್ತರಿಸಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ 30 ಆರೋಗ್ಯ ಸಮಸ್ಯೆಗಳ ಪಟ್ಟಿಯಲ್ಲಿ ಬೇಗ ಹುಟ್ಟಿದ ಶಿಶುಗಳ ಈ ರೆಟಿನಾ ರೋಗವೂ ಇದೆ.