ಬಿಟ್ಟಿಗೆ ಹೋಗುವುದು, ಬಿಟ್ಟಿ ಬರುವುದು

ನಮ್ಮಜ್ಜಿಯ ಬಾಯಲ್ಲಿ 'ಬಿಟ್ಟಿ'ಗೆ ಹೋಗುತ್ತಿದ್ದರೇ ಹೊರತು ಬಿಟ್ಟಿ ಯಾರಿಗೂ ಬರುತ್ತಿರಲಿಲ್ಲ. 'ನಿಮ್ ತಾತ ಆವತ್ತು ಬಿಟ್ಟಿಗ್ ಹೋಗಿದ್ರು, ನಮ್ಮನೇಲಿ ಒಲೆ ಹಚ್ಚಿರ್ಲಿಲ್ಲ' ಎಂದು ಶುರುವಾಗುತ್ತಿತ್ತು ಅವಳ ಹಳೆಯ ಕಾಲದ ಮಾತು. ಬಿಟ್ಟಿಗೆ ಹೋಗುವುದೆಂದರೆ ಅಮಲ್ದಾರರು ಊರಿಗೆ ಬಂದಾಗ ಅವರ ಗಂಟುಮೂಟೆ ಹೊರುವುದು, ಕೆರೆ ಏರಿ ಕುಸಿದರೆ ಮಂಕರಿಯಲ್ಲಿ ಮಣ್ಣು ತುಂಬುವುದು, ತಮ್ಮ ಹೊಲದ ರಾಗಿ ತೆನೆ ಉದುರುತ್ತಿದ್ದರೂ ಪಟೇಲರ ಕಣದಲ್ಲಿ ಗುಂಡು ಹೊಡೆಯುವುದು. ಕೂಲಿ ಇಲ್ಲ. ಪಟೇಲರಿಗೆ ಮನಸ್ಸು ಬಂದ ದಿನ ಮಧ್ಯಾಹ್ನಕ್ಕೊಂದು ಮುದ್ದೆ. ಆ ಮುದ್ದೆಯನ್ನು ತಾತ ಅಲ್ಲೇ ತಿನ್ನದೆ ಎಲೆಯಲ್ಲಿ ಕಟ್ಟಿಕೊಂಡು ಮನೆಗೆ ತರುತ್ತಿದ್ದರಂತೆ.

ಕಳೆದ ತಿಂಗಳು ಕರೆಂಟ್ ಬಿಲ್ ಕಟ್ಟುವ ಕೌಂಟರಿನ ಸಾಲಿನಲ್ಲಿ ನಿಂತಿದ್ದೆ. ಮುಂದೆ ಒಬ್ಬ ಮುದುಕಿ ತನ್ನ ಬಿಲ್ಲನ್ನು ಕಿಟಕಿಯೊಳಗೆ ಚಾಚಿ, 'ಇದ್ರಲ್ಲಿ ಏನ್ ಬರ್ದವ್ರೆ ನೋಡಪ್ಪಾ' ಎಂದು ಕೇಳುತ್ತಿದ್ದಳು. ಶೂನ್ಯ ಬಿಲ್ಲು ಅದು. ನನ್ನ ಹಿಂದಿದ್ದವರು, ಅವಳಿಗೆ ಕೇಳುವ ಹಾಗೆಯೇ, 'ಬಿಟ್ಟಿ ಕರೆಂಟು ಉರಿಸೋರಿಗೆ ಕ್ಯೂ ಬೇರೆ' ಎಂದರು. ಅವಳು ತಿರುಗಿ ನೋಡಲಿಲ್ಲ. ಸೆರಗು ಎಳೆದುಕೊಂಡು, ಕಾಗದ ಮಡಿಸಿ, ಪಕ್ಕಕ್ಕೆ ಸರಿದಳು. ಅಜ್ಜಿಯ ಮಾತು ನೆನಪಾದದ್ದು ಆಗ. ಇದೇ ಮಾತು ಅವಳ ಬಾಯಲ್ಲಿ ಇದ್ದ ಕಡೆಯಿಂದ ಇಷ್ಟು ದೂರ ಹೇಗೆ ಬಂತು?

ಸಂಸ್ಕೃತದ 'ವಿಷ್ಟಿ'ಯ ತದ್ಭವ ನಮ್ಮ ಬಿಟ್ಟಿ. ತಮಿಳರಿಗೂ ತೆಲುಗರಿಗೂ ಅದು 'ವೆಟ್ಟಿ'. ನಿಜಾಮನ ಕಾಲದ ತೆಲಂಗಾಣದಲ್ಲಿ ದೇಶಮುಖರ ಮನೆಗೆ ಮಾಡುತ್ತಿದ್ದ 'ವೆಟ್ಟಿ ಚಾಕಿರಿ'ಯ ವಿರುದ್ಧವೇ 1940ರ ದಶಕದಲ್ಲಿ ರೈತರು ಎದ್ದು ನಿಂತದ್ದು. ವಿಷ್ಟಿಯೆಂದರೆ ದೊರೆಗೆ ಸಲ್ಲಬೇಕಾದ ಕೂಲಿಯಿಲ್ಲದ ದುಡಿಮೆ. ಕಾಸಿದ್ದವನು ಕಾಸಿನಲ್ಲಿ ತೆರಿಗೆ ಕಟ್ಟಿದ, ಇಲ್ಲದವನು ಮೈಯಲ್ಲಿ ಕಟ್ಟಿದ. ನಮ್ಮ ಶಾಸನಗಳಲ್ಲಿ ಬಿಟ್ಟಿ ಬರುವುದೂ ತೆರಿಗೆಗಳ ಸಾಲಿನಲ್ಲಿಯೇ.

ಇದರ ಒಂದು ಹಳೆಯ ಸುಳಿವು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಕ್ರಿ.ಶ. 150ರ ಹೊತ್ತಿಗೆ ಸೌರಾಷ್ಟ್ರದ ಗಿರ್ನಾರಿನ ಬುಡದಲ್ಲಿದ್ದ ಸುದರ್ಶನ ಕೆರೆಯ ಕಟ್ಟೆ ಬಿರುಮಳೆಗೆ ಒಡೆದುಹೋಯಿತು. ಚಂದ್ರಗುಪ್ತ ಮೌರ್ಯನ ಕಾಲದ ಕೆರೆ ಅದು. ಕ್ಷತ್ರಪ ರುದ್ರದಾಮನ ಅದನ್ನು ಮತ್ತೆ ಕಟ್ಟಿಸಿ ಜುನಾಗಢದ ಬಂಡೆಯ ಮೇಲೆ ಬರೆಸಿದ. ಊರಿನ, ನಾಡಿನ ಜನರನ್ನು ಕರದಿಂದಲೂ ವಿಷ್ಟಿಯಿಂದಲೂ ಪೀಡಿಸದೆ, ತನ್ನ ಬೊಕ್ಕಸದ ಹಣದಿಂದಲೇ ಕಟ್ಟಿಸಿದೆನೆಂದು ಅವನು ಅದರಲ್ಲಿ ಹೇಳಿಕೊಂಡಿದ್ದಾನೆ. ಜನರ ನೀರಿನ ಕೆಲಸ ಬೊಕ್ಕಸದಿಂದ ಆಗಬೇಕು, ಅವರ ಬೆನ್ನಿನಿಂದ ಅಲ್ಲ ಎಂಬುದು ದೊರೆಯೊಬ್ಬ ಕಲ್ಲಿನಲ್ಲಿ ಕೊರೆಸುವಷ್ಟು ಹೆಮ್ಮೆಯ ಮಾತಾಗಿತ್ತು, ಹತ್ತೊಂಬತ್ತು ಶತಮಾನಗಳ ಹಿಂದೆಯೇ.

ಹಾಗಾದರೆ 'ಕೂಲಿ ಕೊಡದೆ ಮಾಡಿಸಿಕೊಂಡ ಕೆಲಸ' ಎಂಬ ಅರ್ಥ 'ಕಾಸು ಕೊಡದೆ ಸಿಕ್ಕ ವಸ್ತು' ಎಂದು ಹೊರಳಿದ್ದು ಹೇಗೆ? ಮೊದಮೊದಲು ಕಾಲ ಹೀಗೆ ತಿರುಚಿತು ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಎರಡೂ ಅರ್ಥ ಮೊದಲಿನಿಂದ ಇದ್ದವು. ಕಣದಲ್ಲಿ ಬೆವರುತ್ತಿದ್ದ ತಾತನಿಗೆ ಅದು ಕೂಲಿಯಿಲ್ಲದ ಕೆಲಸ, ಜಗುಲಿಯ ಮೇಲೆ ಕೂತ ಪಟೇಲರಿಗೆ ಅದು ಕಾಸಿಲ್ಲದೆ ಸಿಕ್ಕ ಕೆಲಸ. ಒಂದೇ ಮಾತನ್ನು ಇಬ್ಬರೂ ಆಡುತ್ತಿದ್ದರು, ಅವರವರು ಇದ್ದಲ್ಲಿಂದ. ಕಾಲಕ್ರಮದಲ್ಲಿ ಉಳಿದುಕೊಂಡದ್ದು ಜಗುಲಿಯ ಅರ್ಥ. ಆಮೇಲೆ ಅದೇ ಮಾತು ಜಗುಲಿಯಿಂದ ಇಳಿದುಬಂದು, ಕಣದಲ್ಲಿ ದುಡಿದವನ ಮೊಮ್ಮಕ್ಕಳ ಬೆನ್ನು ಹತ್ತಿತು.

ಕಾಸಿಲ್ಲದೆ ಸಿಗುವುದಕ್ಕೆ ಕನ್ನಡದಲ್ಲಿ ಬೇರೆ ಮಾತುಗಳೂ ಇವೆ. 'ಪುಕ್ಕಟೆ' ಸಂತೆಯ ಮಾತು, ಅದರಲ್ಲಿ ಅಂಥ ನಂಜಿಲ್ಲ. 'ಧರ್ಮಕ್ಕೆ' ಎಂದರೆ ಪಡೆದವನು ತಲೆ ತಗ್ಗಿಸಬೇಕು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದನಂತೆ ಎಂಬ ಗಾದೆಯಲ್ಲಿ ಪಡೆದವನು ಅಳೆದು ನೋಡುವುದೂ ತಪ್ಪು. ಎಲ್ಲಕ್ಕಿಂತ ಚೆನ್ನಾದ ಮಾತು 'ಉಚಿತ'. ಅದರ ಮೂಲ ಅರ್ಥ ತಕ್ಕದ್ದು, ಸರಿಯಾದದ್ದು. ಔಚಿತ್ಯ, ಸಮುಚಿತ, ಅನುಚಿತಗಳಲ್ಲಿ ಆ ಅರ್ಥ ಇನ್ನೂ ಜೀವಂತವಾಗಿದೆ. 'ಉಚಿತ ಶಿಕ್ಷಣ', 'ಉಚಿತ ಔಷಧ' ಎಂದು ಬರೆದವರಿಗೆ ಗೊತ್ತಿತ್ತೋ ಇಲ್ಲವೋ, ಮಗುವಿಗೆ ಪಾಠ, ರೋಗಿಗೆ ಔಷಧ ಸಿಗುವುದು ತಕ್ಕದ್ದು ಎಂದೂ ಆ ಮಾತು ಹೇಳುತ್ತದೆ. ಒಂದೇ ಇನ್ನೂರು ಯೂನಿಟ್ ಕರೆಂಟಿಗೆ ಸರ್ಕಾರದ ಫಲಕದಲ್ಲಿ 'ಉಚಿತ', ಸಾಲಿನಲ್ಲಿ ನಿಂತವರ ಬಾಯಲ್ಲಿ 'ಬಿಟ್ಟಿ'. ಜಗಳ ಈ ಎರಡು ಮಾತುಗಳ ನಡುವೆ ಇದೆ.

2022ರ ಜುಲೈನಲ್ಲಿ ಪ್ರಧಾನಿಯವರು ಬುಂದೇಲಖಂಡದ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಲ್ಲಿ ಓಟಿಗಾಗಿ ಮಿಠಾಯಿಯಂತೆ ಕೊಡುಗೆ ಹಂಚುವ 'ರೇವಡಿ' ಸಂಸ್ಕೃತಿಯ ಬಗ್ಗೆ ಎಚ್ಚರಿಸಿದರು. ಮರುವರ್ಷ ಕರ್ನಾಟಕದಲ್ಲಿ 'ಗ್ಯಾರಂಟಿ' ಯೋಜನೆಗಳಾದ ಶಕ್ತಿ, ಗೃಹಜ್ಯೋತಿ, ಗೃಹಲಕ್ಷ್ಮಿ ಬಂದಾಗ ಇಲ್ಲಿನ ಟೀಕೆಗೆ 'ಬಿಟ್ಟಿ ಭಾಗ್ಯ' ಸಿದ್ಧವಾಗಿತ್ತು. ಖರ್ಚಿನ ಲೆಕ್ಕ ಕೇಳುವುದು ತಪ್ಪಲ್ಲ, ಕೇಳಲೇಬೇಕು. ಸರ್ಕಾರ ಸಬ್ಸಿಡಿ ಹಣವನ್ನು ವಿದ್ಯುತ್ ವಿತರಣಾ ಕಂಪನಿಗಳಾದ ಎಸ್ಕಾಂಗಳಿಗೆ ಹೊತ್ತಿಗೆ ಕಟ್ಟದಿದ್ದರೆ ತಂತಿ, ಟ್ರಾನ್ಸ್‌ಫಾರ್ಮರು ಹಾಳಾಗುವುದು ನಮ್ಮೂರಿನಲ್ಲೇ. ಆದರೆ ಆ ಲೆಕ್ಕ ಎಲ್ಲರಿಗೂ ಒಂದೇ ಇರಲಿ. 2019ರ ಸೆಪ್ಟೆಂಬರಿನಲ್ಲಿ ಕಂಪನಿಗಳ ಆದಾಯ ತೆರಿಗೆಯನ್ನು ಶೇ 30ರಿಂದ ಶೇ 22ಕ್ಕೆ ಇಳಿಸಿದಾಗ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಬೊಕ್ಕಸಕ್ಕೆ ಬರುವುದಿಲ್ಲ ಎಂದು ಕೇಂದ್ರ ಸರ್ಕಾರವೇ ಅಂದಾಜು ಹೇಳಿತು. ಅದಕ್ಕೆ ಸಿಕ್ಕ ಹೆಸರು 'ಉತ್ತೇಜನ'. ಬಿಟ್ಟಿ ಎಂಬ ಮಾತು ಆ ಕಡೆಗೆ ಹಾಯಲೇ ಇಲ್ಲ.

ಕರೆಂಟಿನ ವಿಷಯದಲ್ಲಿ ಈ ಮಾತು ನನ್ನನ್ನು ಹೆಚ್ಚು ಚುಚ್ಚುತ್ತದೆ. ಏಕೆಂದರೆ ಕರ್ನಾಟಕದ ಕರೆಂಟು ಹುಟ್ಟಿದ್ದು ಜನರ ಹಣದಲ್ಲಿ, ಜನರ ನೆಲದಲ್ಲಿ. 1902ರಲ್ಲಿ ಮೈಸೂರು ಸಂಸ್ಥಾನ ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿತು, ಮೂರು ವರ್ಷ ಕಳೆದು ಬೆಂಗಳೂರಿನ ಬೀದಿಗೆ ದೀಪ ಬಂತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದಾಗ ಶರಾವತಿ ಕಣಿವೆಯ ಊರೂರುಗಳೇ ನೀರಿನಡಿ ಹೋದವು. ಗದ್ದೆ, ಅಡಿಕೆ ತೋಟ, ದೇವಸ್ಥಾನ, ಹಿರಿಯರ ಸಮಾಧಿ. ನಾ. ಡಿಸೋಜಾ ಅವರು 'ಮುಳುಗಡೆ', 'ದ್ವೀಪ' ಬರೆದದ್ದು ಈ ಜನರನ್ನು ಹತ್ತಿರದಿಂದ ಕಂಡು. ನಾಡಿಗೆಲ್ಲ ಬೆಳಕು ಕೊಟ್ಟ ಆ ಹಿನ್ನೀರಿನ ಪಕ್ಕದಲ್ಲೇ ಚಿಮಣಿ ಬುಡ್ಡಿಯಲ್ಲಿ ಓದಿದ ಮಕ್ಕಳಿದ್ದರು. ಹಿನ್ನೀರಿನಾಚೆಯ ಸಿಗಂದೂರಿನ ಕಡೆಯವರು ಬಸುರಿಯನ್ನೋ ಹಾವು ಕಚ್ಚಿದವರನ್ನೋ ಸಾಗರದ ಆಸ್ಪತ್ರೆಗೆ ತರಬೇಕಾದರೆ ಲಾಂಚಿಗೆ ಕಾಯಬೇಕಿತ್ತು. ಆ ಹಿನ್ನೀರಿಗೆ ಸೇತುವೆ ಆದದ್ದು 2025ರ ಜುಲೈನಲ್ಲಿ. ಮುಳುಗಡೆಯಾದವರ ಮಕ್ಕಳು, ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕಾಗಿ ಧರಣಿ ಕೂರುತ್ತಾರೆ. ಅಜ್ಜಿಯ ಅರ್ಥದಲ್ಲಿ ಹೇಳುವುದಾದರೆ ಈ ರಾಜ್ಯದ ವಿದ್ಯುತ್ತಿಗೆ ಬಿಟ್ಟಿ ಮಾಡಿದವರು ಅವರು.

ಇಂಥ ಆಸ್ತಿಯನ್ನು ಖಾಸಗಿಯವರಿಗೆ ಕೊಡುವ ಮಾತು ಬಂದಾಗ ಜನ ಬೇಡ ಎನ್ನುವುದು ಹಟದಿಂದಲ್ಲ. 1999ರಲ್ಲಿ ಕರ್ನಾಟಕ ವಿದ್ಯುತ್ ಸುಧಾರಣಾ ಕಾಯ್ದೆ ಬಂದು, ಹಳೆಯ ವಿದ್ಯುತ್ ಮಂಡಳಿ ಕೆಪಿಟಿಸಿಎಲ್ ಆಯಿತು. 2002ರಲ್ಲಿ ವಿತರಣೆಯನ್ನು ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂಗಳಾಗಿ ಒಡೆದರು. ಮುಂದಿನ ಹೆಜ್ಜೆ ಮಾರಾಟ ಎಂಬ ಭಯ ನೌಕರರಲ್ಲೂ ರೈತರಲ್ಲೂ ಆಗಲೇ ಇತ್ತು. ಅದೇ 1999ರಲ್ಲಿ ಒಡಿಶಾ ವಿತರಣೆಯನ್ನು ಖಾಸಗಿಗೆ ಒಪ್ಪಿಸಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ಮಹಾ ಚಂಡಮಾರುತ ಬಂದು ಕಂಬಗಳೆಲ್ಲ ಮಲಗಿದವು, 2001ರಲ್ಲಿ ಒಂದು ವಲಯವನ್ನು ವಹಿಸಿಕೊಂಡಿದ್ದ ಅಮೆರಿಕದ ಕಂಪನಿ ಕೈತೊಳೆದುಕೊಂಡು ಹೊರಟಿತು. ಉಳಿದ ಮೂರು ವಲಯಗಳ ಪರವಾನಗಿಯನ್ನು ಅಲ್ಲಿನ ವಿದ್ಯುತ್ ನಿಯಂತ್ರಣ ಆಯೋಗವೇ 2015ರಲ್ಲಿ ರದ್ದು ಮಾಡಿತು. ಅಲ್ಲಿ ಈಗ ಮತ್ತೆ ಬೇರೆ ಖಾಸಗಿಯವರಿದ್ದಾರೆ. ಆದರೆ ಬಿರುಗಾಳಿಯ ಮರುದಿನ ಕಂಬ ನೆಟ್ಟುಕೊಡಲು ಯಾರು ಉಳಿಯುತ್ತಾರೆ ಎಂಬ ಪ್ರಶ್ನೆಯನ್ನು ಒಡಿಶಾ ನಮಗೆಲ್ಲ ಕಲಿಸಿಕೊಟ್ಟಿತು.

ದೆಹಲಿಯ ಗಡಿಯಲ್ಲಿ 2020-21ರಲ್ಲಿ ಕೂತ ರೈತರ ಬೇಡಿಕೆ ಮೂರು ಕೃಷಿ ಕಾಯ್ದೆಗಳ ರದ್ದತಿಯಷ್ಟೇ ಆಗಿರಲಿಲ್ಲ, ವಿದ್ಯುತ್ ತಿದ್ದುಪಡಿ ಮಸೂದೆಯನ್ನು ಕೈಬಿಡುವುದೂ ಅದರಲ್ಲಿತ್ತು. ಆದರೂ ಆ ಮಸೂದೆ 2022ರ ಆಗಸ್ಟ್ 8ರಂದು ಲೋಕಸಭೆಗೆ ಬಂತು, ವಿರೋಧದ ನಡುವೆ ಸ್ಥಾಯಿ ಸಮಿತಿಗೆ ಹೋಯಿತು. ಒಂದೇ ಊರಿನಲ್ಲಿ, ಇರುವ ತಂತಿಯ ಮೇಲೆಯೇ, ಹಲವು ಕಂಪನಿಗಳು ಕರೆಂಟು ಮಾರಬಹುದು ಎಂಬುದು ಅದರ ತಿರುಳಾಗಿತ್ತು. ಕೇಳಲು ಚೆನ್ನಾಗಿದೆ. ಆದರೆ ಕಾರ್ಖಾನೆ, ಮಾಲು, ಐಟಿ ಕಚೇರಿಗಳು ಯೂನಿಟ್ಟಿಗೆ ಹೆಚ್ಚು ಕೊಡುವುದರಿಂದ ತಾನೆ ಗುಡಿಸಲಿಗೂ ಪಂಪ್‌ಸೆಟ್ಟಿಗೂ ಕಡಿಮೆಗೆ ಸಿಗುತ್ತಿರುವುದು? ಹೊಸಬರು ಬಂದು ಆ ದೊಡ್ಡ ಗಿರಾಕಿಗಳನ್ನು ಕರೆದೊಯ್ದರೆ ಕೆನೆ ಅವರಿಗೆ, ನೀರು ಮಜ್ಜಿಗೆ ಎಸ್ಕಾಂಗೆ. ಆಗ 'ನಷ್ಟ' ಎಂದು ಸಬ್ಸಿಡಿ ಕಡಿತ, ಆಮೇಲೆ 'ನಷ್ಟದ ಕಂಪನಿ' ಎಂದು ಮಾರಾಟ. ಹಳ್ಳಿಯ ಲೈನ್‌ಮ್ಯಾನ್‌ಗಳು ಇದನ್ನು ನನಗೆ ಟ್ರಾನ್ಸ್‌ಫಾರ್ಮರಿನ ಕೆಳಗೆ ನಿಂತು ಬಿಡಿಸಿ ಹೇಳಿದ್ದಾರೆ, ಯಾವ ಅರ್ಥಶಾಸ್ತ್ರಜ್ಞರಿಗಿಂತಲೂ ಸ್ಪಷ್ಟವಾಗಿ.

ಖಾಸಗಿಯವರ ಕೈಗೆ ಹೋದ ನೀರಿನ ಕಥೆ ಇಷ್ಟು ಸರಳವಲ್ಲ. ವಿಶ್ವಬ್ಯಾಂಕಿನ ಸಾಲದಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳಿಗೆ 2008ರ ಹೊತ್ತಿಗೆ ಇಪ್ಪತ್ನಾಲ್ಕು ತಾಸು ನೀರು ಬಂತು, ನಡೆಸಿದ್ದು ಫ್ರಾನ್ಸಿನ ಕಂಪನಿ. ಸದಾ ನೀರು ಹರಿಯುವ ಪೈಪಿನ ನೀರು ಹೆಚ್ಚು ಶುದ್ಧ ಎಂಬುದು ಅಲ್ಲಿ ನಡೆದ ಅಧ್ಯಯನಗಳಲ್ಲೂ ಕಂಡಿದೆ. ರಾತ್ರಿ ಎರಡು ಗಂಟೆಗೆ ಎದ್ದು ಕೊಡ ಹಿಡಿದ ಹೆಣ್ಣುಮಕ್ಕಳಿಗೆ ಅದು ಸಣ್ಣ ಮಾತಲ್ಲ. ನನ್ನ ತಕರಾರು ಇಷ್ಟು: ಸಾಲ ಜನರದ್ದು, ಪೈಪು ಜನರದ್ದು, ನದಿಯೂ ಜನರದ್ದು. ಅದನ್ನೇ ನಮ್ಮ ಜಲಮಂಡಳಿ, ನಮ್ಮ ಪಾಲಿಕೆ ಮಾಡಲಾಗದು ಎಂದು ಮೊದಲೇ ತೀರ್ಮಾನಿಸಿದ್ದು ಯಾರು?

ಬಿಟ್ಟಿ ಎನ್ನಿಸಿಕೊಳ್ಳುವ ಮತ್ತೊಂದು ಹಣ ವೃದ್ಧಾಪ್ಯ ವೇತನ. ಎಂಬತ್ತು ತುಂಬದ ಬಡ ವೃದ್ಧರಿಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ, ಹೆಚ್ಚುಕಡಿಮೆ ಎರಡು ದಶಕದಿಂದ ಅಷ್ಟೇ. ರಾಜ್ಯದ ಸಂಧ್ಯಾ ಸುರಕ್ಷೆಯಲ್ಲಿ 1,200. ಕಡಿತ ಎಂದರೆ ಯಾವಾಗಲೂ ಆದೇಶ ಹೊರಡಿಸಬೇಕಿಲ್ಲ. ಬೆಲೆ ಏರಿದಾಗ ಮೊತ್ತವನ್ನು ಇದ್ದಲ್ಲೇ ಬಿಟ್ಟರೆ ಸಾಕು. ಹೆಬ್ಬೆಟ್ಟಿನ ಗೆರೆ ಸವೆದುಹೋದ ಮುದುಕಿಯ ಬೆರಳು ಯಂತ್ರಕ್ಕೆ ಹೊಂದದಿದ್ದರೆ ಸಾಕು. 2024ರ ನವೆಂಬರಿನಲ್ಲಿ ರಾಜ್ಯದಲ್ಲಿ ಬಿಪಿಎಲ್ ಕಾರ್ಡುಗಳ ಪರಿಷ್ಕರಣೆ ಶುರುವಾಗಿ, ಅರ್ಹರ ಕಾರ್ಡೂ ರದ್ದಾದಾಗ ಜನ ಸುಮ್ಮನಿರಲಿಲ್ಲ. ತೆರಿಗೆ ಕಟ್ಟುವವರು, ಸರ್ಕಾರಿ ನೌಕರರು ಬಿಟ್ಟು ಉಳಿದವರ ಕಾರ್ಡು ವಾಪಸು ಕೊಡುತ್ತೇವೆ ಎಂದು ಸರ್ಕಾರ ಕೆಲವೇ ದಿನಗಳಲ್ಲಿ ಹೇಳಬೇಕಾಯಿತು. 'ಗ್ಯಾರಂಟಿ' ಎಂಬ ಮಾತನ್ನು ಮತದಾರರು ಅಷ್ಟು ಅಕ್ಷರಶಃ ತೆಗೆದುಕೊಂಡದ್ದು ನನಗೆ ಸಂತೋಷ ಕೊಟ್ಟಿತು.

ಇಷ್ಟರಲ್ಲಿ ಹಳೆಯ ಬಿಟ್ಟಿ ಎಲ್ಲಿ ಹೋಯಿತು? ಸಂವಿಧಾನದ 23ನೇ ವಿಧಿ ಬೇಗಾರಿಯನ್ನು, ಅಂದರೆ ಕೂಲಿಯಿಲ್ಲದ ಬಲವಂತದ ದುಡಿಮೆಯನ್ನು, ನಿಷೇಧಿಸಿತು. 1976ರ ಜೀತ ರದ್ದತಿ ಕಾಯ್ದೆ ದೇಶದ ನಾನಾ ಭಾಗದ ಜೀತಪದ್ಧತಿಗಳ ಹೆಸರುಗಳನ್ನು ಪಟ್ಟಿ ಮಾಡಿತು. ಅದರಲ್ಲಿ ನಮ್ಮ 'ಜೀತ' ಇದೆ, ಬಿಟ್ಟಿಯ ಒಡಹುಟ್ಟು 'ವೆಟ್ಟಿ'ಯೂ ಇದೆ. 1982ರಲ್ಲಿ ಏಷ್ಯಾಡ್ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿದರೂ ಅದು ಬಲವಂತದ ದುಡಿಮೆಯೇ ಎಂದರು. ಈ ತೀರ್ಪನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತ ಆಶಾ ಕಾರ್ಯಕರ್ತೆಯರ ಸುದ್ದಿಯನ್ನು ಓದಿದೆ. ಅವರಿಗೆ ಸಿಗುವುದಕ್ಕೆ ಸಂಬಳ ಎಂಬ ಹೆಸರಿಲ್ಲ, 'ಗೌರವಧನ', 'ಪ್ರೋತ್ಸಾಹಧನ'. ತಿಂಗಳಿಗೆ 15,000 ಕೊಡಿ ಎಂದು ಕೇಳಿದವರಿಗೆ ಸಿಕ್ಕಿದ್ದು 10,000ದ ಭರವಸೆ. ಕೋವಿಡ್ಡಿನ ದಿನಗಳಲ್ಲಿ ಮನೆಮನೆಯ ಬಾಗಿಲು ತಟ್ಟಿದ ಕೈಗಳು ಅವು. ಬಿಟ್ಟಿ ಎಂಬ ಮಾತಿಗೆ ಇವತ್ತಿನ ಕರ್ನಾಟಕದಲ್ಲಿ ಉದಾಹರಣೆ ಬೇಕಿದ್ದರೆ ಕರೆಂಟ್ ಬಿಲ್ಲಿನ ಸಾಲಿನಲ್ಲಿ ಹುಡುಕಬೇಕಿಲ್ಲ.

ಮೊನ್ನೆ ಊರಿಗೆ ಹೋಗಿದ್ದೆ. ಸೋದರತ್ತೆಗೆ ಎಂಬತ್ತರ ಹತ್ತಿರ. ಮೀಟರ್ ಓದುವ ಹುಡುಗ ಬಂದು ಯಂತ್ರದಿಂದ ಚೀಟಿ ಹರಿದ. 'ಎಷ್ಟಪ್ಪಾ?' ಎಂದಳು. 'ಸೊನ್ನೆ ಕಣಜ್ಜಿ, ಏನೂ ಕಟ್ಟಂಗಿಲ್ಲ' ಎಂದ. ಆದರೂ ಕೈ ಚಾಚಿ ಚೀಟಿ ಇಸಿದುಕೊಂಡಳು. ಒಳಗೆ ಹೋಗಿ ಕಬ್ಬಿಣದ ಟ್ರಂಕು ತೆಗೆದಳು. ಮಾವನ ಕಾಲದ ಕಂದಾಯದ ರಸೀತಿಗಳು ದಾರ ಸುತ್ತಿಕೊಂಡು ಅದರಲ್ಲಿದ್ದವು, ಅವುಗಳ ಮೇಲೆ ಸೊನ್ನೆಯ ಬಿಲ್ಲುಗಳ ಕಟ್ಟು, ಒಂದು ತಿಂಗಳದ್ದೂ ತಪ್ಪದೆ. ಇವನ್ನು ಯಾಕೆ ಇಟ್ಟುಕೊಂಡಿದ್ದೀಯ ಅತ್ತೆ, ಎಂದು ಕೇಳಿದೆ.

'ಇರ್ಲಿ ಬುಡು ಮಗ' ಎಂದು ಹೊಸ ಚೀಟಿಯನ್ನು ಅಂಗೈಯಿಂದ ಸವರಿ ಒಳಗಿಟ್ಟಳು. 'ನಾಳೆ ಯಾರಾನ ಬಂದು, ನೀನೇನ್ ಕೊಟ್ಟಿದ್ದೆ ಅಂತ ಕೇಳುದ್ರೆ, ಎರಡ್ನೂ ಒಟ್ಗೆ ತೋರುಸ್ಬೇಕು.'